ಕೈಯಲ್ಲೇ ಮಾಡುವ ಕ್ರಿಸ್ಮಸ್ ಕಾರ್ಡು, ಅದಕ್ಕೆ ಜೋಡಿ ಕವರು: ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತು ಅಂದ್ರೆ ಮಂಗಳೂರಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಎಲ್ಲಿ ಕಟ್ಟುವುದು, ನಕ್ಷತ್ರ ಹಳೇದೇ ಸಾಕಾ, ಕುಸ್ವಾರಿಗೆ, ಅಂದ್ರೆ ಕ್ರಿಸ್ಮಸ್ ತಿಂಡಿಗಳಿಗೆ, ತೆಂಗಿನಕಾಯಿ ಎಷ್ಟು ಬೇಕು ಅಂತ ಮಾತು ಶುರುವಾಗ್ತದೆ. ಅದರ ಒಟ್ಟಿಗೆ ಕಾರ್ಡಿನ ವಿಷಯಕ್ಕೂ ನನ್ನ ಹತ್ರ ಜನ ಕೇಳ್ತಾರೆ, ಪ್ರಶ್ನೆಗಳು ಹೆಚ್ಚುಕಮ್ಮಿ ಪ್ರತೀ ವರ್ಷ ಅದೇ. ಹಾಗಾಗಿ ಎಲ್ಲದಕ್ಕೂ ಉತ್ತರ ಒಂದೇ ಕಡೆ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ಸೀದಾ ಹೋಗಿ ಓದಬಹುದು, ಆದ್ರೆ ಮೊದಲನೇದನ್ನು ಮಾತ್ರ ಬಿಡ್ಬೇಡಿ.

ಎಲ್ಲಕ್ಕಿಂತ ಮೊದಲು ಎಂತ ಮಾಡ್ಬೇಕು? ಚಿತ್ರ ಯೋಚನೆ ಮಾಡುವುದಾ?

ಅಲ್ಲ, ಅಳತೆ. ಹೆಚ್ಚಿನವರು ಚಂದದ ಕಾರ್ಡು ಮಾಡಿ ಮುಗಿಸಿ ಆಮೇಲೆ ಕವರ್ ಹುಡುಕಿಕೊಂಡು ಅಂಗಡಿಗೆ ಹೋಗ್ತಾರೆ, ಅಲ್ಲಿ ಸಿಗುವ ಕವರಿಗೆ ಕಾರ್ಡು ಹೋಗುವುದಿಲ್ಲ ಅಥವಾ ಒಳಗೆ ಲಟಪಟ ಆಗ್ತದೆ. ಕಾರ್ಡು ಮತ್ತು ಕವರು ಒಂದೇ ಕೆಲಸ, ಎರಡರ ಅಳತೆಯೂ ಒಂದೇ ದಿನ ಒಂದೇ ಸ್ಕೇಲಿನಲ್ಲಿ ನಿಶ್ಚಯ ಆಗ್ಬೇಕು, ಚಿತ್ರ ಆಮೇಲೆ.

ನಾನು ಹೇಳುವ ಅಳತೆ ಇದು. ಎ4 ಶೀಟು 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ ಇರ್ತದೆ. ಅದನ್ನು ಉದ್ದದ ಮಧ್ಯಕ್ಕೆ ಕತ್ತರಿಸಿದ್ರೆ ಎರಡು ಎ5 ತುಂಡು, ಒಂದೊಂದು ತುಂಡನ್ನು ಮಧ್ಯಕ್ಕೆ ಮಡಚಿದ್ರೆ 10.5 × 14.8 ಸೆಂ.ಮೀ. ಕಾರ್ಡು, ಅಂದ್ರೆ ಎ6. ಒಂದು ದಪ್ಪ ಶೀಟಿಗೆ ಎರಡು ಕಾರ್ಡು, ಒಂದು ಚೂರೂ ವೇಸ್ಟ್ ಇಲ್ಲ. ಕವರಿಗೆ ಒಂದೊಂದಕ್ಕೆ ಒಂದೊಂದು ತೆಳು ಎ4 ಬೇಕು. ಇಪ್ಪತ್ತು ಕಾರ್ಡಿಗೆ ಹತ್ತು ದಪ್ಪ ಶೀಟು, ಇಪ್ಪತ್ತು ತೆಳು ಶೀಟು, ಅಷ್ಟೇ ಲೆಕ್ಕ.

ಪೇಪರ್ ಎಷ್ಟು ದಪ್ಪ ತಗೊಳ್ಳಬೇಕು?

ಅಂಗಡಿಯಲ್ಲಿ ಜಿಎಸ್‌ಎಂ ಎಷ್ಟು ಅಂತ ಕೇಳಿ. ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗ್ತದೆ ಅನ್ನುವ ಲೆಕ್ಕ ಅದು. ಜೆರಾಕ್ಸ್ ಪೇಪರ್ 70ರಿಂದ 80 ಇರ್ತದೆ, ಕಾರ್ಡಿಗೆ ಅದು ಸಾಲದು, ನಿಲ್ಲಿಸಿದ್ರೆ ಬಗ್ಗಿ ಬೀಳ್ತದೆ. ಕಾರ್ಡಿಗೆ 250ರಿಂದ 300, ಕವರಿಗೆ 90ರಿಂದ 120. ಕವರಿಗೆ ದಪ್ಪ ಪೇಪರ್ ಹಾಕಿದ್ರೆ ಗಟ್ಟಿ ಬರ್ತದೆ ಅಂತ ಎಣಿಸ್ಬೇಡಿ, ಮೂಲೆ ಸರಿಯಾಗಿ ಮಡಚುವುದೇ ಇಲ್ಲ, ಅಂಟು ಬಿಟ್ಟು ಮೇಲೇಳ್ತದೆ. ವಾಟರ್‌ಕಲರ್ ಮಾಡುವವರು ಮಾತ್ರ 300ಕ್ಕಿಂತ ಕೆಳಗೆ ಹೋಗ್ಬೇಡಿ, ನೀರು ಬಿದ್ದ ಕೂಡ್ಲೆ ತೆಳು ಪೇಪರ್ ಸುರುಟಿಕೊಳ್ತದೆ.

ಇಲ್ಲಿ ಎಲ್ಲಿ ಸಿಗ್ತದೆ?

ಐವರಿ ಶೀಟು, ಚಾರ್ಟು, ಬ್ರೌನ್ ಪೇಪರ್ ಎಲ್ಲ ಹಂಪನಕಟ್ಟೆ, ರಥಬೀದಿ ಸುತ್ತಮುತ್ತ ದೊಡ್ಡ ಸ್ಟೇಶನರಿ ಅಂಗಡಿಗಳಲ್ಲಿ ಉಂಟು. ಉಡುಪಿಯವರಿಗೆ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ರವೇ ನೋಡಬಹುದು. ಆದ್ರೆ ಅದಕ್ಕಿಂತ ಮೊದಲು ಮದುವೆ ಕಾಗದ ಪ್ರಿಂಟ್ ಮಾಡುವ ಪ್ರೆಸ್ಸಿನಲ್ಲಿ ಒಂದು ಸಲ ಕೇಳಿ, ದೊಡ್ಡ ಶೀಟು ಕತ್ತರಿಸಿ ಉಳಿದ ಒಳ್ಳೊಳ್ಳೆ ಪಟ್ಟಿಗಳು ಅವರ ಹತ್ರ ರಾಶಿ ಇರ್ತವೆ, ಕವರಿನ ಒಳಗೆ ಅಂಟಿಸ್ಲಿಕ್ಕೆ, ನಕ್ಷತ್ರ ಕತ್ತರಿಸ್ಲಿಕ್ಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ಮನೆಗೆ ಬಂದ ಹಳೆ ಮದುವೆ ಕಾಗದದ ಚಿನ್ನದ ಬಣ್ಣದ ಅಂಚೂ ಉಪಯೋಗಕ್ಕೆ ಬರ್ತದೆ, ಎಸೀಬೇಡಿ.

ಮಡಚಿದ ಜಾಗದಲ್ಲಿ ಪೇಪರ್ ಬಿರುಕು ಬಿಡ್ತದಲ್ಲಾ, ಎಂತಕ್ಕೆ?

ಪೇಪರಿಗೆ ನಾರು ಉಂಟು, ಅದು ಒಂದೇ ದಿಕ್ಕಿಗೆ ಮಲಗಿರ್ತದೆ. ನಾರಿನ ಉದ್ದಕ್ಕೆ ಮಡಚಿದ್ರೆ ನಯವಾಗಿ ಬರ್ತದೆ, ಅಡ್ಡಕ್ಕೆ ಮಡಚಿದ್ರೆ ಒಡೀತದೆ. ದಿಕ್ಕು ಗೊತ್ತಾಗ್ಬೇಕಾದ್ರೆ ಶೀಟನ್ನು ಮಡಚದೆ ಮೆಲ್ಲ ಬಗ್ಗಿಸಿ ನೋಡಿ, ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ. ಯಾವ ಕಡೆಗೆ ಸುಲಭದಲ್ಲಿ ಬಗ್ತದೋ ಆ ಮಡಿಕೆಯೇ ನಾರಿನ ಜೊತೆ ಹೋಗುವುದು. ಎ4ನಲ್ಲಿ ಹೆಚ್ಚಾಗಿ ನಾರು 29.7 ಸೆಂ.ಮೀ. ಬದಿಗೆ ಇರ್ತದೆ, ಮೇಲೆ ಹೇಳಿದ ಹಾಗೆ ಕತ್ತರಿಸಿ ಮಡಚಿದ್ರೆ ನಮ್ಮ ಮಡಿಕೆಯೂ ಅದೇ ದಿಕ್ಕಿಗೆ ಬೀಳ್ತದೆ. ದೊಡ್ಡ ಚಾರ್ಟಿನಿಂದ ಕತ್ತರಿಸುವವರು ಮಾತ್ರ ಪರೀಕ್ಷೆ ಮಾಡಿಯೇ ಕತ್ತರಿ ಹಾಕಿ.

ಇನ್ನೊಂದು, ಕೈಯಲ್ಲೇ ಸೀದಾ ಮಡಚಬೇಡಿ. ಸ್ಕೇಲ್ ಇಟ್ಟು ಇಂಕ್ ಮುಗಿದ ಬಾಲ್‌ಪೆನ್ ರೀಫಿಲ್ಲಿನಲ್ಲಿ ಒಂದು ಗೆರೆ ಒತ್ತಿ ಎಳೆಯಿರಿ, ಆಮೇಲೆ ಮಡಚಿ, ಸ್ಟೀಲ್ ಚಮಚದ ಹಿಂಬದಿಯಲ್ಲಿ ತಿಕ್ಕಿ. ಅಂಗಡಿ ಕಾರ್ಡಿಗೂ ಮನೆ ಕಾರ್ಡಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಮುಕ್ಕಾಲು ಭಾಗ ಈ ಮಡಿಕೆಯಲ್ಲೇ ಇರುವುದು.

ಕವರ್ ಮಾಡುವುದು ಹೇಗೆ? ಅಂಗಡಿ ಕವರ್ ಬಿಚ್ಚಿ ನೋಡಿದ್ರೂ ತಲೆಗೆ ಹೋಗ್ಲಿಲ್ಲ.

ಬಿಚ್ಚಿ ನೋಡುವುದು ಒಳ್ಳೇದೇ, ಆದ್ರೆ ಇದು ಅದಕ್ಕಿಂತ ಸುಲಭ. ತೆಳು ಎ4ನಿಂದ 21 ಸೆಂ.ಮೀ. ಚೌಕ ಕತ್ತರಿಸಿ. ಒಂದು ಮೂಲೆ ನಿಮ್ಮ ಕಡೆಗೆ ಬರುವ ಹಾಗೆ ಓರೆಯಾಗಿ ಇಡಿ, ಮಧ್ಯದಲ್ಲಿ ಕಾರ್ಡನ್ನು ಅಡ್ಡ ಇಡಿ, ಅದರ ಉದ್ದ ಬದಿ ನಿಮ್ಮ ಎದುರಿಗಿರಲಿ. ಕಾರ್ಡಿನ ಸುತ್ತ ನಾಲ್ಕೂ ಕಡೆ 3 ಮಿ.ಮೀ. ಜಾಗ ಬಿಟ್ಟು ಪೆನ್ಸಿಲಿನಲ್ಲಿ ಪೆಟ್ಟಿಗೆ ಎಳೆಯಿರಿ, 15.4 × 11.1 ಸೆಂ.ಮೀ. ಬರ್ತದೆ. ಈ ಪೆಟ್ಟಿಗೆಯ ನಾಲ್ಕು ಗೆರೆಗೂ ರೀಫಿಲ್ ಓಡಿಸಿ.

ಈಗ ಪೆಟ್ಟಿಗೆಯ ಒಂದೊಂದು ಮೂಲೆಯಿಂದ ಹೊರಗೆ ಸಣ್ಣ ತ್ರಿಕೋನದ ತುಂಡು ಉಳಿದಿರ್ತದೆ, ನಾಲ್ಕನ್ನೂ ಕತ್ತರಿಸಿ ತೆಗೀರಿ, ಇಲ್ಲದಿದ್ರೆ ಮಡಚುವಾಗ ಮೂಲೆಯಲ್ಲಿ ಗಂಟು ಬೀಳ್ತದೆ. ಎಡ ಬಲ ಎರಡನ್ನೂ ಒಳಗೆ ಮಡಚಿ. ಮಧ್ಯದಲ್ಲಿ ಅವು ಒಂದಕ್ಕೊಂದು ತಾಗುವುದಿಲ್ಲ, ಸುಮಾರು ಒಂದು ಸೆಂ.ಮೀ. ಗ್ಯಾಪ್ ಬರ್ತದೆ, ಗಾಬರಿ ಬೇಡ, ಕೆಳಗಿನದ್ದು ಮೇಲೆ ಬಂದು ಅದನ್ನು ಮುಚ್ತದೆ. ಕೆಳಗಿನದ್ದರ ಎರಡು ಅಂಚಿಗೆ ಮಾತ್ರ ತೆಳ್ಳಗೆ ಅಂಟು ಹಚ್ಚಿ ಒತ್ತಿ. ಆ ಗ್ಯಾಪಿನ ಜಾಗಕ್ಕೆ ಅಂಟು ಬಿದ್ರೆ ಕವರ್ ಒಳಗಡೆಯೇ ಅಂಟಿಕೊಂಡು ಕಾರ್ಡು ಹೋಗ್ಲಿಕ್ಕಿಲ್ಲ. ಮೇಲಿನ ಮೂಲೆ ಮುಚ್ಚಳ, ಅದಕ್ಕೆ ಈಗ ಕೈ ಹಾಕ್ಬೇಡಿ.

ಬೇರೆ ಅಳತೆಯ ಕಾರ್ಡು ಮಾಡಿದವರಿಗೆ ಲೆಕ್ಕ: ಕಾರ್ಡಿನ ಉದ್ದ ಮತ್ತು ಅಗಲ ಕೂಡಿಸಿ, 1.4ರಿಂದ ಭಾಗಿಸಿ, 3 ಸೆಂ.ಮೀ. ಸೇರಿಸಿ. ಚೌಕದ ಒಂದು ಬದಿ ಅಷ್ಟು ಇರ್ಬೇಕು. ಒಂದನ್ನು ನ್ಯೂಸ್‌ಪೇಪರಿನಲ್ಲಿ ಮಾಡಿ ನೋಡಿ, ಸರಿ ಬಂದ ಮೇಲೆ ಅದನ್ನು ರಟ್ಟಿನ ಮೇಲೆ ಇಟ್ಟು ಕತ್ತರಿಸಿ ಅಚ್ಚು ಮಾಡಿಟ್ಟುಕೊಳ್ಳಿ, ಮುಂದಿನ ವರ್ಷಕ್ಕೂ ಆಗ್ತದೆ.

ಅಂಟು ಯಾವುದು?

ಕವರಿಗೆ ಗ್ಲೂ ಸ್ಟಿಕ್ ಅಥವಾ ಡಬಲ್ ಸೈಡ್ ಟೇಪ್. ಫೆವಿಕಾಲಿನಲ್ಲಿ ನೀರಿನಂಶ ಜಾಸ್ತಿ, ತೆಳು ಪೇಪರಿಗೆ ಬಳಿದ್ರೆ ಉಬ್ಬಿ ಗುಳ್ಳೆ ಬರ್ತದೆ. ಅದು ಬೇಕಾಗುವುದು ಬಟ್ಟೆ ಚೂರು, ದಾರ, ಬಟನ್ ಅಂಟಿಸ್ಲಿಕ್ಕೆ, ಅದೂ ಕಡ್ಡಿ ತುದಿಯಲ್ಲಿ ಒಂದು ಬಿಂದು. ಮೈದಾ ಅಂಟು ನಮ್ಮ ಹಿರಿಯರ ಕಾಲದ್ದು, ಅಗ್ಗ, ಗಟ್ಟಿ, ಆದ್ರೆ ನಮ್ಮ ಕರಾವಳಿಯ ತೇವಕ್ಕೆ ಅದರ ಮೇಲೆ ಬೂಸ್ಟು ಬರ್ತದೆ, ಹುಳವೂ ತಿಂತದೆ. ಹಿಂದೆ ಪುಸ್ತಕ ಬೈಂಡಿಂಗಿನವರು ಅದಕ್ಕೇ ಮೈಲುತುತ್ತ ಹಾಕ್ತಿದ್ದದ್ದು, ಅದು ವಿಷ, ಮಕ್ಕಳಿರುವ ಮನೆಯಲ್ಲಿ ಆ ದಾರಿ ಬೇಡವೇ ಬೇಡ.

ಮುಚ್ಚಳಕ್ಕೆ ಮೊದಲೇ ಗೋಂದು ಹಚ್ಚಿ ಒಣಗಿಸಿ ಇಡಬಹುದಾ ಅಂತಲೂ ಕೇಳ್ತಾರೆ. ಒಣ ಊರಿನಲ್ಲಿ ಆಗ್ತದೆ, ಇಲ್ಲಿ ಡಿಸೆಂಬರಿನಲ್ಲೂ ಬೆಳಗ್ಗಿನ ಇಬ್ಬನಿ ಸಾಕು, ಕಟ್ಟಿಟ್ಟ ಕವರುಗಳು ತನ್ನಷ್ಟಕ್ಕೆ ಮುಚ್ಚಿಕೊಂಡು ಬಿಡ್ತವೆ. ಕಾರ್ಡು ಒಳಗೆ ಹಾಕಿದ ಮೇಲೆಯೇ ಅಂಟು ಹಚ್ಚಿ.

ಕವರು ಕಾರ್ಡಿಗೆ ಜೋಡಿ ಅಂತ ಕಾಣ್ಬೇಕಾದ್ರೆ ಎಂತ ಮಾಡುವುದು?

ಎರಡಕ್ಕೂ ಒಂದೇ ಬಣ್ಣದ ಪೇಪರ್ ಬೇಕಂತಿಲ್ಲ. ಕಾರ್ಡಿನಲ್ಲಿ ಇರುವ ಯಾವುದಾದ್ರೂ ಒಂದು ಸಣ್ಣ ವಸ್ತು ಕವರಿನಲ್ಲಿ ಪುನಃ ಬಂದ್ರೆ ಸಾಕು. ಕಾರ್ಡಿನ ಮೇಲೆ ಕೆಂಪು ನಕ್ಷತ್ರ ಏಳು ಇದ್ರೆ ಕವರಿನ ಮುಚ್ಚಳದ ತುದಿಯಲ್ಲಿ ಒಂದೇ ಒಂದು. ನನಗೆ ತುಂಬಾ ಇಷ್ಟ ಆಗುವುದು ಕವರಿನ ಒಳಗಿನ ಲೈನಿಂಗ್, ಹೊರಗಿಂದ ಬರೀ ಬ್ರೌನ್ ಪೇಪರ್, ತೆರೆದ ಕೂಡ್ಲೆ ಒಳಗೆ ಬಣ್ಣ. ಅದಕ್ಕೆ ಕವರಿನ ಅಚ್ಚಿಗಿಂತ ಎಲ್ಲ ಕಡೆ 5 ಮಿ.ಮೀ. ಕಮ್ಮಿ ಇರುವ ತುಂಡು ಕತ್ತರಿಸಿ ಒಳಗೆ ಜಾರಿಸಿ, ಮುಚ್ಚಳದ ಭಾಗಕ್ಕೆ ಮಾತ್ರ ಅಂಟು ಹಾಕಿ, ಕೆಳಗೆ ಬಿಟ್ಟುಬಿಡಿ. ಪೂರ್ತಿ ಅಂಟಿಸಿದ್ರೆ ಮುಚ್ಚಳ ಮಡಚುವಾಗ ಸುಕ್ಕು ಬೀಳ್ತದೆ. ಹಳೆ ಕ್ಯಾಲೆಂಡರ್, ಗಿಫ್ಟ್ ಪೇಪರ್, ಹರಿದ ನಕ್ಷತ್ರದ ಬಣ್ಣದ ಕಾಗದ ಎಲ್ಲವೂ ಲೈನಿಂಗಿಗೆ ಆಗ್ತದೆ.

ನನಗೆ ಚಿತ್ರ ಬಿಡಿಸ್ಲಿಕ್ಕೇ ಬರುವುದಿಲ್ಲ. ಏನಾದ್ರೂ ದಾರಿ ಉಂಟಾ?

ದಾರೆಹುಳಿ (ಸ್ಟಾರ್ ಫ್ರೂಟ್) ತನ್ನಿ. ಅಡ್ಡಕ್ಕೆ ಕತ್ತರಿಸಿದ್ರೆ ಐದು ಮೂಲೆಯ ನಕ್ಷತ್ರ ರೆಡಿ, ಯಾವ ಅಂಗಡಿಯ ಸ್ಟಾಂಪೂ ಬೇಡ. ಕತ್ತರಿಸಿದ ಬದಿಯನ್ನು ಬಟ್ಟೆಯಲ್ಲಿ ಒತ್ತಿ ರಸ ಚೆನ್ನಾಗಿ ತೆಗೀರಿ, ಸ್ವಲ್ಪ ಹೊತ್ತು ಗಾಳಿಗೆ ಇಡಿ, ಪೋಸ್ಟರ್ ಕಲರನ್ನು ನೀರು ಸೇರಿಸದೆ ಬ್ರಶ್ಶಿನಲ್ಲಿ ತೆಳ್ಳಗೆ ಬಳಿದು ಪೇಪರಿಗೆ ಒತ್ತಿ ಸೀದಾ ಮೇಲೆತ್ತಿ, ಜಾರಿಸ್ಬೇಡಿ. ಸಣ್ಣ ನಕ್ಷತ್ರ ಬೇಕಾದ್ರೆ ಬೆಂಡೆಕಾಯಿ, ಅದರಲ್ಲೂ ಐದು ಮೂಲೆ ಉಂಟು, ಒಳಗಿನ ಬೀಜದ ಗೂಡುಗಳೂ ಚಂದ ಮೂಡ್ತವೆ. ಬ್ರೌನ್ ಪೇಪರಿನ ಮೇಲೆ ಬಿಳಿ ಬಣ್ಣದ ಬೆಂಡೆಕಾಯಿ ಅಚ್ಚು ನೋಡಿದವರು ಇದು ಬೆಂಡೆಕಾಯಿ ಅಂತ ನಂಬುವುದಿಲ್ಲ.

ಇನ್ನೊಂದು ಸುಲಭದ್ದು, ಕಾರ್ಡಿನ ಎದುರಿನಲ್ಲಿ ಕಿಟಕಿ ಕತ್ತರಿಸಿ ಹಿಂದಿನಿಂದ ಬಣ್ಣಬಣ್ಣದ ಗ್ಲಾಸ್ ಪೇಪರ್ ಅಂಟಿಸುವುದು. ಇಗರ್ಜಿಯ ಬಣ್ಣದ ಗಾಜಿನ ಹಾಗೆ ಬೆಳಕು ಹಾಯ್ತದೆ.

ಹಿಮ, ಪೈನ್ ಮರ ಇಲ್ಲದೆ ಕ್ರಿಸ್ಮಸ್ ಅಂತ ಗೊತ್ತಾಗ್ತದಾ?

ಖಂಡಿತ ಗೊತ್ತಾಗ್ತದೆ. ಹೆಂಚಿನ ಮಾಡಿನ ಮನೆ, ಜಗಲಿಯಲ್ಲಿ ತೂಗುವ ನಕ್ಷತ್ರ, ಹಿಂದೆ ಎರಡು ಅಡಿಕೆ ಮರ, ಇಷ್ಟು ಗೆರೆಯಲ್ಲಿ ಬಿಡಿಸಿದ್ರೆ ಇಡೀ ಊರೇ ಬಂತು. ಗೋದಲಿಗೆ ಅಂತ ತಟ್ಟೆಯಲ್ಲಿ ಬತ್ತ ಬಿತ್ತಿ ಮೊಳಕೆ ಬರಿಸ್ತಾರಲ್ಲ, ಆ ಎಳೆ ಹಸಿರು ಗೆರೆಗಳನ್ನು ಕಾರ್ಡಿನ ಕೆಳಗಿನ ಅಂಚಿಗೆ ಸಾಲಾಗಿ ಹಾಕಿ, ಮಧ್ಯದಲ್ಲಿ ತೊಟ್ಟಿಲು. ಹೊರದೇಶದಲ್ಲಿರುವ ಮಕ್ಕಳಿಗೆ ಇದು ಹೋದ್ರೆ ಅವರು ಅದನ್ನು ತೆಗೆದಿಡ್ತಾರೆ. ಹಿಮದ ಕಾರ್ಡು ಅವರಿಗೆ ಅಲ್ಲಿಯೇ ಸಿಗ್ತದೆ, ಇದು ಸಿಗುವುದಿಲ್ಲ.

ಅಂಚಿಗೆ ಹೂಬಳ್ಳಿ ಡಿಸೈನ್ ಬೇಕಾದವರು ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲಿಗೆ ಹೋಗಿ ಚಿತ್ರಗಳ ಸುತ್ತಲಿನ ಅಲಂಕಾರ ಕಣ್ತುಂಬ ನೋಡಿಕೊಂಡು ಬನ್ನಿ. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೆನಿ 1899ರಲ್ಲಿ ಅಲ್ಲಿ ಚಿತ್ರ ಬಿಡಿಸ್ಲಿಕ್ಕೆ ಶುರು ಮಾಡಿದ್ದು, ಒಂದೊಂದು ಅಂಚಿನಲ್ಲೂ ಬಣ್ಣ ಹೇಗೆ ಜೋಡಿಸಿದ್ದಾರೆ ಅಂತ ಗಮನಿಸಿದ್ರೆ ಹತ್ತು ಕಾರ್ಡಿಗೆ ಆಗುವಷ್ಟು ಐಡಿಯಾ ಸಿಗ್ತದೆ.

ತೆರೆದ್ರೆ ಎದ್ದು ನಿಲ್ಲುವ ಗೋದಲಿ ಕಾರ್ಡು ಮಾಡ್ಲಿಕ್ಕೆ ಕಷ್ಟವಾ?

ಕಷ್ಟ ಇಲ್ಲ, ಒಂದು ನಿಯಮ ಮರೀಬಾರದು ಅಷ್ಟೇ. ಕಾರ್ಡನ್ನು ಮಡಚಿಯೇ ಇಟ್ಟು, ಮಡಿಕೆಯ ಕಡೆಯಿಂದ ಒಳಗೆ ಎರಡು ಸಮಾನ ಕತ್ತರಿ ಹಾಕಿ, ಒಂದೊಂದು 4 ಸೆಂ.ಮೀ. ಉದ್ದ, ಎರಡರ ಮಧ್ಯೆ ನಿಮಗೆ ಬೇಕಾದಷ್ಟು ಅಂತರ. ಕಾರ್ಡು ತೆರೆದು ಆ ಪಟ್ಟಿಯನ್ನು ಒಳಗೆ ತಳ್ಳಿದ್ರೆ ಮೆಟ್ಟಿಲಿನ ಆಕಾರ ಬರ್ತದೆ, ಅದರ ಎದುರಿಗೆ ಗೋದಲಿ ಚಿತ್ರ ಕತ್ತರಿಸಿ ಅಂಟಿಸಿ. ಕಾರ್ಡು ಮುಚ್ಚಿದಾಗ ಆ ಮೆಟ್ಟಿಲು ಕತ್ತರಿಸಿದ ಉದ್ದದ ಎರಡರಷ್ಟು ಮುಂದಕ್ಕೆ ಬರ್ತದೆ, ಅಂದ್ರೆ 8 ಸೆಂ.ಮೀ. ನಮ್ಮ ಕಾರ್ಡಿನ ಅಗಲ 10.5, ಹಾಗಾಗಿ 5 ಸೆಂ.ಮೀ.ಗಿಂತ ಉದ್ದ ಕತ್ತರಿ ಹಾಕಿದ್ರೆ ಹೊರಗೆ ಇಣುಕ್ತದೆ. ಅಂಟಿಸುವ ಚಿತ್ರದ ಎತ್ತರವೂ 6 ಸೆಂ.ಮೀ. ಒಳಗೇ ಇರಲಿ. ಹೊರಗಿನಿಂದ ತೂತು ಕಾಣದ ಹಾಗೆ ಇನ್ನೊಂದು ಎ5 ಶೀಟನ್ನು ಹಿಂದೆ ಅಂಟಿಸಿ, ಪಟ್ಟಿಯ ಜಾಗಕ್ಕೆ ಮಾತ್ರ ಅಂಟು ತಾಗ್ಬಾರದು.

ಒಳಗೆ ಎಂತ ಬರೀಬೇಕು?

ಇದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದ, ಯಾಕಂದ್ರೆ ಇಷ್ಟೆಲ್ಲ ಕಷ್ಟಪಟ್ಟು ಮಾಡಿ ಒಳಗೆ ಬರೀ ಹ್ಯಾಪಿ ಕ್ರಿಸ್ಮಸ್ ಅಂತ ಬರೆದು ಹೆಸರು ಹಾಕಿ ಕೊಡುವುದು ನನಗೆ ಮನಸ್ಸಿಗೆ ಹಿಡಿಯುವುದಿಲ್ಲ. ಅವರಿಗೆ ಮಾತ್ರ ಸೇರಿದ ಒಂದು ವಾಕ್ಯ ಬರೀರಿ. ದೊಡ್ಡಮ್ಮನಿಗಾದ್ರೆ ಈ ವರ್ಷ ನೀವು ಕಳಿಸಿದ ಉಪ್ಪಿನಕಾಯಿ ಮೊನ್ನೆ ತನಕ ಬಂತು ಅಂತ, ಪಕ್ಕದ ಮನೆಯ ಅಕ್ಕನಿಗಾದ್ರೆ ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಯಿಂದ ಕರ್ಕೊಂಡು ಬಂದದ್ದಕ್ಕೆ ಉಪಕಾರ ಅಂತ. ಐವತ್ತು ಕಾರ್ಡಿಗೆ ಹೀಗೆ ಬರೀಲಿಕ್ಕೆ ಆಗುವುದಿಲ್ಲವಾದ್ರೆ ಹದಿನೈದೇ ಮಾಡಿ. ಭಾಷೆ ಮನೆಯಲ್ಲಿ ಅವರೊಟ್ಟಿಗೆ ಮಾತಾಡುವುದೇ ಇರಲಿ, ಕೊಂಕಣಿಯೋ ತುಳುವೋ ಕನ್ನಡ ಅಕ್ಷರದಲ್ಲೇ ಬರೀಬಹುದಲ್ಲ. ದೇವರ ವಾಕ್ಯ ಹಾಕುವವರು ಬೈಬಲಿನಲ್ಲಿ ಲೂಕನ ಎರಡನೇ ಅಧ್ಯಾಯ ತೆಗೆದು ನೋಡಿ, ಕುರುಬರ ಭಾಗದಲ್ಲಿ ಕಾರ್ಡಿಗೆ ಹೊಂದುವ ಸಾಲುಗಳು ಉಂಟು.

ಈ ವರ್ಷ ಸಾವಾದ ಮನೆಗೆ ಕಾರ್ಡು ಕಳಿಸಬಹುದಾ?

ಕಳಿಸಿ. ಹಬ್ಬ ಜೋರಾಗಿ ಮಾಡದ ಮನೆಗೇ ಒಂದು ಮಾತು ಹೆಚ್ಚು ಬೇಕಾಗುವುದು. ಚಿನ್ನದ ಬಣ್ಣ, ಗಂಟೆ, ಸಾಂತಾ ಬೇಡ, ಬಿಳಿ ಅಥವಾ ನೀಲಿ ಪೇಪರಿನ ಮೇಲೆ ಒಂದು ನಕ್ಷತ್ರ ಸಾಕು. ಒಳಗೆ ತೀರಿಹೋದವರ ಹೆಸರು ಹೇಳಿ ನೆನಪು ಮಾಡಿ, ಹೆಸರು ಬರೆದ್ರೆ ಅವರಿಗೆ ಬೇಸರ ಆಗ್ತದೋ ಅಂತ ಹಿಂಜರೀಬೇಡಿ.

ಪೋಸ್ಟಿನಲ್ಲಿ ಕಳಿಸಿದ್ರೆ ತೂಕ ಜಾಸ್ತಿ ಆಗ್ತದಾ?

ಸಾದಾ ಪತ್ರದ ಮೊದಲ ಹಂತ 20 ಗ್ರಾಂ ತನಕ. 250 ಜಿಎಸ್‌ಎಂನ ಎ5 ಕಾರ್ಡು 8 ಗ್ರಾಂ ಹತ್ರ, 100 ಜಿಎಸ್‌ಎಂನ ಕವರು ನಾಲ್ಕೂವರೆ, ಒಟ್ಟು ಹನ್ನೆರಡು ಹದಿಮೂರು ಗ್ರಾಂ. ಲೈನಿಂಗ್ ಹಾಕಿದ್ರೂ ಒಳಗೇ ನಿಲ್ತದೆ. ಎದ್ದು ನಿಲ್ಲುವ ಕಾರ್ಡಿಗೆ ಎರಡು ಶೀಟು, ಅದು 20ರ ಗಡಿಗೆ ಬರ್ತದೆ, ಕೌಂಟರಿನಲ್ಲಿ ತೂಗಿಸಿಯೇ ಸ್ಟಾಂಪ್ ಹಚ್ಚಿ. ಸ್ಟಾಂಪ್ ಕಮ್ಮಿ ಆದ್ರೆ ಕಾರ್ಡು ಪಡೆಯುವವರ ಹತ್ರ ದುಡ್ಡು ಕೇಳ್ತಾರೆ, ಹಬ್ಬದ ದಿನ ಅದು ಬೇಡ.

ಮುತ್ತು, ಬಟನ್, ಅರಗಿನ ಮುದ್ರೆ ಇದ್ದದ್ದನ್ನು ಕೈಯಲ್ಲೇ ಕೊಡಿ. ಪೋಸ್ಟಿನಲ್ಲಿ ಮೇಲಿಂದ ಸೀಲ್ ಗುದ್ದುವಾಗ ಅವು ಒಡೀತವೆ, ಕವರೂ ಹರೀತದೆ. ರಿಜಿಸ್ಟರ್ ಮಾಡಿಸುವ ಅಂತ ಕೇಳುವವರಿಗೆ, ರಿಜಿಸ್ಟರ್ಡ್ ಪೋಸ್ಟನ್ನು 2025 ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿಗೆ ಸೇರಿಸಿ ಆಗಿದೆ.

ಕಡು ಬಣ್ಣದ ಕವರಿನ ಮೇಲೆ ವಿಳಾಸ ಕಾಣುವುದಿಲ್ಲ, ಎಂತ ಮಾಡುವುದು?

ಬಿಳಿ ಪೇಪರಿನ ಲೇಬಲ್ ಕತ್ತರಿಸಿ ಅಂಟಿಸಿ ಬಾಲ್‌ಪೆನ್ನಿನಲ್ಲಿ ಬರೀರಿ. ಜೆಲ್ ಪೆನ್ ಚಂದ ಕಾಣ್ತದೆ, ಒದ್ದೆ ಕೈ ತಾಗಿದ್ರೆ ಹರಡ್ತದೆ. ಪಿನ್‌ಕೋಡ್ ಆರು ಅಂಕೆ ಸ್ಪಷ್ಟ ಇರಲಿ.

ಯಾವಾಗ ಶುರು ಮಾಡ್ಬೇಕು, ಯಾವಾಗ ಪೋಸ್ಟ್ ಮಾಡ್ಬೇಕು?

ಅಡ್ವೆಂಟಿನ (ಕ್ರಿಸ್ಮಸ್ಸಿಗೆ ತಯಾರಾಗುವ ಕಾಲ) ಮೊದಲ ಭಾನುವಾರ ಕ್ರಿಸ್ಮಸ್‌ಗಿಂತ ನಾಲ್ಕು ಭಾನುವಾರ ಹಿಂದೆ ಬರ್ತದೆ, ಅಷ್ಟರೊಳಗೆ ಪೇಪರ್ ಕತ್ತರಿಸಿ ಮಡಚಿ ಆಗಿರ್ಬೇಕು. ಆಮೇಲೆ ಕುಸ್ವಾರಿನ ಕೆಲಸ ಶುರುವಾದ್ರೆ ಮೇಜಿನ ಮೇಲೆ ಜಾಗವೇ ಇರುವುದಿಲ್ಲ. ಗಲ್ಫಿಗೆ ಹೋಗುವುದನ್ನು ನವೆಂಬರ್ ಕೊನೆಗೇ ಹಾಕಿ, ದುಬೈ ಅಬುಧಾಬಿಯವರ ಹತ್ರ ಪಿ.ಒ. ಬಾಕ್ಸ್ ನಂಬರ್ ಮೊದಲೇ ಕೇಳಿಟ್ಟುಕೊಳ್ಳಿ, ಫ್ಲ್ಯಾಟ್ ನಂಬರ್ ಮಾತ್ರ ಬರೆದ್ರೆ ಸಾಲದು. ತಡ ಆಯ್ತು ಅಂತ ಕಳಿಸದೇ ಇರ್ಬೇಡಿ, ಮೂವರು ರಾಯರ ಹಬ್ಬ ಜನವರಿ 6ಕ್ಕೆ, ಅಲ್ಲಿ ತನಕ ಗೋದಲಿ ಇಟ್ಟಿರುವ ಮನೆಗಳು ಎಷ್ಟೋ ಉಂಟು.

ಮಕ್ಕಳ ಕೈಗೆ ಯಾವ ಕೆಲಸ ಕೊಡಬಹುದು?

ಅಚ್ಚು ಒತ್ತುವುದು, ಚಮಚದಲ್ಲಿ ಮಡಿಕೆ ತಿಕ್ಕುವುದು, ಲೈನಿಂಗಿಗೆ ಪೇಪರ್ ಆರಿಸುವುದು. ಕಟ್ಟರ್ ದೊಡ್ಡವರ ಕೈಯಲ್ಲೇ ಇರಲಿ. ಗ್ಲಿಟರ್ ಬೇಡ, ಅದು ಪ್ಲಾಸ್ಟಿಕ್ ಪುಡಿ, ಕಣ್ಣಿಗೂ ಹೋಗ್ತದೆ, ಚರಂಡಿಗೂ ಹೋಗ್ತದೆ. ಮಿನುಗು ಬೇಕಾದ್ರೆ ಚಾಕೊಲೇಟಿನ ಫಾಯಿಲ್ ಚಪ್ಪಟೆ ಮಾಡಿ ಕತ್ತರಿಸಿ ಅಂಟಿಸಿ.

ಈ ಕಾರ್ಡಿನ ಪದ್ಧತಿ ಎಲ್ಲಿಂದ ಬಂತು?

ಲಂಡನ್ನಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಅನ್ನುವವರು ಜಾನ್ ಕಾಲ್ಕಾಟ್ ಹಾರ್ಸ್ಲಿ ಹತ್ರ ಚಿತ್ರ ಬರೆಸಿ ಮಾರಾಟಕ್ಕೆ ಪ್ರಿಂಟ್ ಮಾಡಿಸಿದ್ದು ಮೊದಲನೇದು, ಒಂದು ಕಾರ್ಡಿಗೆ ಒಂದು ಶಿಲ್ಲಿಂಗ್. ಮೂರು ವರ್ಷ ಮೊದಲು ಅಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ಪತ್ರ ಹೋಗುವ ವ್ಯವಸ್ಥೆ ಬಂದಿತ್ತು, ಹಾಗಾಗಿ ಎಲ್ಲರೂ ಪತ್ರ ಬರೆಯುವವರೇ, ಉತ್ತರ ಬರೆದು ಸಾಕಾಗಿ ಕೋಲ್ ಈ ದಾರಿ ಹುಡುಕಿದ್ದು. ಕಲ್ಲಚ್ಚಿನಲ್ಲಿ ಗೆರೆ ಒತ್ತಿ, ಬಣ್ಣವನ್ನು ಒಂದೊಂದಕ್ಕೂ ಕೈಯಲ್ಲೇ ತುಂಬಿದ್ರು, ಅಂದ್ರೆ ಮೊದಲ ಕಾರ್ಡೂ ಅರ್ಧ ಕೈಕೆಲಸವೇ. ಅದೇ 1843ರ ಜುಲೈ 1ಕ್ಕೆ ನಮ್ಮ ಊರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರ ಸಮಾಚಾರ ಹೊರಡಿಸಿದ್ದು, ಕನ್ನಡದ ಮೊದಲ ಪತ್ರಿಕೆ, ಅದೂ ಕಲ್ಲಚ್ಚಿನಲ್ಲೇ. ಈ ಎರಡು ಒಂದೇ ವರ್ಷದಲ್ಲಿ ಬಂದದ್ದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಉಳಿದ ಪೇಪರ್, ಕವರ್ ಮುಂದಿನ ವರ್ಷಕ್ಕೆ ಇಡಬಹುದಾ?

ಇಡಬಹುದು, ನಡುವೆ ನಮ್ಮ ಮಳೆಗಾಲ ದಾಟ್ಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ, ಬ್ಯಾಗು ಚಪ್ಪಲಿ ಒಟ್ಟಿಗೆ ಬರುವ ಸಿಲಿಕಾ ಜೆಲ್ ಪ್ಯಾಕೆಟ್ ಒಳಗೆ ಹಾಕಿ, ಮಲಗಿಸಿ ಇಡಿ. ಗೋಡೆಗೆ ತಾಗಿದ ಕಪಾಟಿನಲ್ಲಿ ನಿಲ್ಲಿಸಿ ಇಟ್ರೆ ಬಗ್ಗಿ ಹೋಗ್ತದೆ.

ಕುಸ್ವಾರಿನ ತಟ್ಟೆಯ ಒಟ್ಟಿಗೆ ಕೊಡುವಾಗ ಕಾರ್ಡು ಎಲ್ಲಿ ಇಡುವುದು?

ತಟ್ಟೆಯ ಒಳಗೆ ಬೇಡ. ನೆವ್ರಿ, ಕಿಡ್ಯೊ, ಚಕ್ಕುಲಿ ಎಲ್ಲ ಎಣ್ಣೆಯಲ್ಲಿ ಕರಿದದ್ದು, ಪೇಪರ್ ಕೂಡ್ಲೆ ಎಣ್ಣೆ ಹೀರ್ತದೆ, ಆ ಕಲೆ ಹೋಗುವುದೂ ಇಲ್ಲ. ತಟ್ಟೆಗೆ ಮುಚ್ಚುವ ಬಟ್ಟೆಯ ಮೇಲೆ ಇಡಿ, ಅದರ ಅಡಿಗೆ ಒಂದು ಬಟರ್ ಪೇಪರ್. ತಟ್ಟೆ ಹಿಡ್ಕೊಂಡು ಮಕ್ಕಳು ಹೋಗುವುದಾದ್ರೆ ಕಾರ್ಡನ್ನು ಬೇರೆ ಮಗುವಿನ ಕೈಗೆ ಕೊಡಿ, ಮತ್ತೆ ಕವರಿನ ಮೇಲೆ ಆ ಮನೆಯವರ ಹೆಸರು ಬರೆದೇ ಕಳಿಸಿ, ಇಲ್ಲದಿದ್ರೆ ನಾಲ್ಕು ಮನೆಗೆ ಹೋಗುವ ಗಡಿಬಿಡಿಯಲ್ಲಿ ಕಾರ್ಡು ಅದಲುಬದಲಾಗ್ತದೆ.